"ನಮ್ಮ ಮಗಳಿಗೆ ಚಿತ್ರ ಬರೋದೇ ಇಲ್ಲ ಮೇಡಂ, ವಿಜ್ಞಾನಕ್ಕೆ ಅದ್ಯಾಕೆ?"

ಪೋಷಕರ ಸಭೆ ನಡೆದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಅವರ ಮನಸ್ಸಿನಲ್ಲಿರುವುದು ಪರೀಕ್ಷೆಯ ಚಿತ್ರ: ಹೃದಯವನ್ನೋ ಕಣ್ಣನ್ನೋ ಅಂದವಾಗಿ ಬರೆದು ಭಾಗಗಳನ್ನು ಗುರುತಿಸಿದರೆ ಅಂಕ. ಅದನ್ನು ಮಗ್ಗಿಯ ಹಾಗೆ ಉರು ಹೊಡೆಯಬಹುದು. ನಾನು ತರಗತಿಯಲ್ಲಿ ಬರೆಸುವುದು ಆ ಚಿತ್ರವನ್ನಲ್ಲ. ಪುಸ್ತಕ ಮುಚ್ಚಿಡು, ನಿನಗೆ ಹೇಗೆ ಅನಿಸುತ್ತದೋ ಹಾಗೆ ಗೀಚು ಎನ್ನುತ್ತೇನೆ.

ಒಂದು ಟಾರ್ಚ್ ಬಲ್ಬು, ಒಂದು ಸೆಲ್, ಎರಡು ತುಂಡು ವೈರು. ಬಲ್ಬು ಹೇಗೆ ಉರಿಯುತ್ತದೆ ಎಂದು ಕೇಳಿದರೆ "ವಿದ್ಯುತ್ ಮಂಡಲ ಪೂರ್ಣ ಆದರೆ ಉರಿಯುತ್ತೆ ಮಿಸ್" ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳುತ್ತದೆ. ಬರೆದು ತೋರಿಸಿ ಎಂದಾಗ ಪೆನ್ಸಿಲುಗಳು ತಡೆಯುತ್ತವೆ. ಎರಡನೇ ವೈರನ್ನು ಬಲ್ಬಿನ ಯಾವ ಜಾಗಕ್ಕೆ ಮುಟ್ಟಿಸುವುದು? ಕೆಲವರು ಎರಡನ್ನೂ ಬುಡದ ಚುಕ್ಕೆಗೇ ತಂದು ಸೇರಿಸುತ್ತಾರೆ. ಇನ್ನು ಕೆಲವರಿಗೆ ಒಂದೇ ವೈರು ಸಾಕು. ಬಾಯಲ್ಲಿ ಬಂದ ಸರಿಯುತ್ತರದ ಹಿಂದೆ ಇಷ್ಟೆಲ್ಲ ಅಡಗಿತ್ತು! ಮಾತಿನಲ್ಲಿ ಹಾರಿಸಿಬಿಡಬಹುದಾದ ಜಾಗವನ್ನು ಚಿತ್ರದಲ್ಲಿ ಹಾರಿಸಲಾಗದು. ಗೆರೆ ಎಲ್ಲೋ ಒಂದು ಕಡೆ ಮುಟ್ಟಲೇಬೇಕು.

ಆಮೇಲೆ ಸಾಮಾನು ಕೈಗೆ ಕೊಡುತ್ತೇನೆ. ಎರಡೂ ವೈರು ಚುಕ್ಕೆಗೇ ಮುಟ್ಟಿದರೆ ಬಲ್ಬು ಉರಿಯುವುದಿಲ್ಲ, ವೈರು ಬಿಸಿಯಾಗುತ್ತದೆ. ಒಂದು ವೈರನ್ನು ಪಕ್ಕದ ಲೋಹದ ಕವಚಕ್ಕೆ ತಾಗಿಸಿದೊಡನೆ ಬೆಳಕು. ಆಗ ಮತ್ತೆ ಬರೆಸುತ್ತೇನೆ, ಈ ಸಲ ಬಲ್ಬಿನ ಒಳಗಿನ ತಂತಿಯ ಎರಡು ತುದಿಗಳು ಎಲ್ಲೆಲ್ಲಿ ಸೇರುತ್ತವೆ ಎಂಬುದನ್ನೂ. ಮೊದಲ ಚಿತ್ರವನ್ನು ಅಳಿಸಲು ಬಿಡುವುದಿಲ್ಲ. ಅಳಿಸಿಹಾಕಿದರೆ ಮಗು ಎಲ್ಲಿಂದ ಎಲ್ಲಿಗೆ ಬಂತು ಎಂಬುದೇ ಕಳೆದುಹೋಗುತ್ತದೆ.

ದೊಡ್ಡ ವಿಜ್ಞಾನಿಗಳ ಮೊದಲ ಚಿತ್ರವೂ ಹೀಗೆಯೇ. 1609ರ ಜುಲೈನಲ್ಲಿ, ಗೆಲಿಲಿಯೊಗಿಂತ ಕೆಲವು ತಿಂಗಳು ಮೊದಲೇ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಬರೆದ. ಬೆಳಕು–ಕತ್ತಲೆಯ ನಡುವಿನ ಗೆರೆ ಅಂಕುಡೊಂಕಾಗಿ ಬಂತು, ಕುಳಿಗಳು ಬರಲಿಲ್ಲ. ಗೆಲಿಲಿಯೊ ಆ ಅಂಕುಡೊಂಕಿನಲ್ಲಿ ಬೆಟ್ಟಗಳ ನೆರಳನ್ನು ಕಂಡು 1610ರ ಮಾರ್ಚ್‌ನಲ್ಲಿ ಪುಸ್ತಕ ಪ್ರಕಟಿಸಿದ. ಆನಂತರ ಹ್ಯಾರಿಯಟ್ ಬರೆದ ಚಂದ್ರನಲ್ಲಿ ಕುಳಿಗಳು ಕಾಣಿಸಿಕೊಂಡವು. ಅಷ್ಟರಲ್ಲಿ ಅವನ ದೂರದರ್ಶಕ ಸುಧಾರಿಸಿತ್ತು, ನಿಜ. ಏನನ್ನು ನೋಡಬೇಕೆಂಬುದೂ ತಿಳಿದಿತ್ತು.

ಚಿತ್ರ ಅಂದವಾಗಿಲ್ಲ ಎಂದು ಕೊರಗುವವರಿಗೆ ಇನ್ನೊಂದು ಮಾತು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪದವನ್ನು ಮತ್ತೆ ಮತ್ತೆ ಬರೆದವರಿಗಿಂತ ಅದರ ಚಿತ್ರ ಗೀಚಿದವರಿಗೆ ಪದಗಳು ಹೆಚ್ಚು ನೆನಪಿದ್ದವು. ಗೀಚಲು ಬರೀ 4 ಸೆಕೆಂಡು ಕೊಟ್ಟಾಗಲೂ.

ಮನೆಯಲ್ಲಿ ಮಾಡಿಸುವುದಾದರೆ ಅಂಗಳದ ಐದೆಸಳಿನ ದಾಸವಾಳ ಸಾಕು. ಒಳಗೆ ಹೇಗಿರಬಹುದು ಎಂದು ಮೊದಲು ಬರೆಸಿ, ಆಮೇಲೆ ಹೂವನ್ನು ಬ್ಲೇಡಿನಿಂದ ಉದ್ದಕ್ಕೆ ನೀವೇ ಸೀಳಿ ಕೊಡಿ. ಪರಾಗ ಹೊತ್ತ ಕೇಸರಗಳ ಕೊಳವೆಯ ಒಳಗಿಂದಲೇ ಶಲಾಕೆ, ಅಂದರೆ ಅಂಡಾಶಯದಿಂದ ಮೇಲೇಳುವ ಸಣ್ಣ ದಂಟು, ಹಾದು ಬಂದು ತುದಿಯಲ್ಲಿ ಐದಾಗಿ ಕವಲೊಡೆದಿರುವುದನ್ನು ಅವಳೇ ನೋಡಲಿ. ಎರಡನೇ ಚಿತ್ರ ಬರೆಯುವಾಗ ಪಕ್ಕದಲ್ಲಿ ನೀವೂ ಒಂದು ಹಾಳೆ ಇಟ್ಟುಕೊಂಡು ಕೂತುಕೊಳ್ಳಿ.