ಹೊಲಿಗೆ ಬಿಚ್ಚುವ ದಿನದ ಮಾತು

ನಮ್ಮ ವಾರ್ಡಿನಲ್ಲಿದ್ದ ಒಬ್ಬ ಅಜ್ಜಿಯ ಅಭಿಪ್ರಾಯ ಪತ್ರವನ್ನು ಡಿಸ್ಚಾರ್ಜ್ ದಿನ ತುಂಬಿದವಳು, ಅಲ್ಲಿನ ನರ್ಸ್ ಆದ ನಾನೇ. ಊಟ, ಸ್ವಚ್ಛತೆ, ವೈದ್ಯರ ನಡವಳಿಕೆ, ನರ್ಸ್‌ಗಳ ನಡವಳಿಕೆ ಎಂದು ಒಂದೊಂದನ್ನೇ ಓದಿ ಹೇಳಿದೆ. ಎಲ್ಲದಕ್ಕೂ ತಲೆಯಾಡಿಸಿದರು. ಎಲ್ಲದರ ಮುಂದೆಯೂ ‘ಉತ್ತಮ’ ಎಂದು ಗುರುತು ಹಾಕಿದೆ, ಅವರು ಹೆಬ್ಬೆಟ್ಟು ಒತ್ತಿದರು.

ಹೊಕ್ಕುಳ ಹರ್ನಿಯಾದ ಆಪರೇಷನ್ ಅವರದು. ಹತ್ತನೆಯ ದಿನ ಹೊಲಿಗೆ ಬಿಚ್ಚಿಸಲು ಬಂದರು. ಮೊದಲ ಗಂಟನ್ನು ಚಿಮಟದಲ್ಲಿ ಎತ್ತಿ ಹಿಡಿದು, ಅವರ ಗಮನ ಬೇರೆ ಕಡೆ ಹೋಗಲೆಂದು, “ನಮ್ಮಲ್ಲಿದ್ದಾಗ ಯಾವುದು ಬಹಳ ಕಷ್ಟವಾಯಿತು ಅಜ್ಜಿ?” ಎಂದು ಕೇಳಿದೆ.

“ಕೊಯ್ದದ್ದು ಕಷ್ಟವಾಗಲಿಲ್ಲ ತಾಯಿ. ನೀರು ಕೊಡಲಿಲ್ಲವಲ್ಲ, ಅದು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಪಕ್ಕದ ಮಂಚದವಳ ನೀರಿನ ಬಾಟಲಿಯನ್ನೇ ನೋಡುತ್ತಾ ಮಲಗಿದ್ದೆ.”

ಕತ್ತರಿ ಹಿಡಿದ ನನ್ನ ಕೈ ಅರೆಗಳಿಗೆ ನಿಂತಿತು. ಅವರು ಹೋದ ಮೇಲೆ ಕೇಸ್ ಶೀಟ್ ತೆಗೆಸಿ ನೋಡಿದೆ. ರಾತ್ರಿ ಹತ್ತಕ್ಕೆ ನೀರು ನಿಲ್ಲಿಸಿದ್ದೆವು. ಬೆಳಿಗ್ಗೆ ಹನ್ನೊಂದಕ್ಕೆ ಆಗಬೇಕಿದ್ದ ಆಪರೇಷನ್, ನಡುವೆ ತುರ್ತು ಸಿಸೇರಿಯನ್ ಬಂದದ್ದರಿಂದ ಮಧ್ಯಾಹ್ನ ಮೂರಕ್ಕೆ ಹೋಗಿತ್ತು. ಹದಿನೇಳು ಗಂಟೆ. ಸಿಸೇರಿಯನ್ ಮೊದಲು ಆಗಲೇಬೇಕು, ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಅಜ್ಜಿಯ ಮಂಚದ ಬಳಿ ಹೋಗಿ ‘ಇನ್ನೂ ತಡವಾಗುತ್ತದೆ’ ಎಂದು ಹೇಳಿದವರು ಒಬ್ಬರೂ ಇರಲಿಲ್ಲ. ಆ ದಿನ ಡ್ಯೂಟಿಯಲ್ಲಿದ್ದವರಲ್ಲಿ ನಾನೂ ಒಬ್ಬಳು.

ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಉಪವಾಸ ಅದಕ್ಕಾಗಿಯೇ. ಆದರೆ ಲಘು ಆಹಾರಕ್ಕೆ ಆರು ಗಂಟೆಯ ಅಂತರ ಸಾಕು. ತಿಳಿ ನೀರನ್ನು, ಬೇರೆ ತೊಂದರೆಯಿಲ್ಲದವರು, ಎರಡು ಗಂಟೆ ಮೊದಲಿನವರೆಗೂ ಕುಡಿಯಬಹುದು. ಪಾಠದಲ್ಲಿ ಓದಿದ್ದ ಮಾತೇ ಇದು. ವಾರ್ಡಿಗೆ ಬಂದ ಮೇಲೆ ಎಲ್ಲರಿಗೂ ಒಂದೇ ಮಂತ್ರವಾಗಿತ್ತು: ರಾತ್ರಿ ಹತ್ತರ ನಂತರ ಏನೂ ಬೇಡ.

ಅಂದಿನಿಂದ ಡ್ರೆಸ್ಸಿಂಗ್ ಟ್ರಾಲಿಯಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಹೊಲಿಗೆ ಬಿಚ್ಚಿಸಲು ಬಂದ ಪ್ರತಿಯೊಬ್ಬರನ್ನೂ ಅದೇ ಪ್ರಶ್ನೆ ಕೇಳಿ, ಅವರು ಹೇಳಿದಂತೆಯೇ ಬರೆದೆ. ಹೆಸರು ಬರೆಯಲಿಲ್ಲ. ಎರಡು ತಿಂಗಳಲ್ಲಿ ಬಾಯಾರಿಕೆಯ ಮಾತು ಎಷ್ಟು ಸಲ ಬಂತೆಂದರೆ, ಅದನ್ನು ಕೈಯಲ್ಲಿ ಹಿಡಿದು ಅರಿವಳಿಕೆ ತಜ್ಞರ ಬಳಿ ಹೋಗಲು ನನಗೆ ಧೈರ್ಯ ಬಂತು. ಅವರು ಪುಟಪುಟವನ್ನೂ ಓದಿದರು. ಸರ್ಜನ್ ಮಾತ್ರ ಒಪ್ಪಲಿಲ್ಲ. ನೀರು ಕುಡಿದವರ ಸರದಿ ಅಕಸ್ಮಾತ್ ಮುಂಚೆ ಬಂದರೆ ಏನು ಮಾಡುವುದು ಎಂಬ ಅವರ ಆತಂಕ ನ್ಯಾಯವಾದದ್ದೇ. ಕೊನೆಗೆ ಬೋರ್ಡಿನಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ನೀರು ನಿಲ್ಲಿಸಬೇಕಾದ ಸಮಯವನ್ನು ಅರಿವಳಿಕೆ ತಜ್ಞರೇ ಬರೆಯುವುದೆಂದಾಯಿತು. ಪಟ್ಟಿ ತಡವಾದರೆ ಆಪರೇಷನ್ ಥಿಯೇಟರಿನಿಂದ ವಾರ್ಡಿಗೆ ಫೋನ್ ಬರಬೇಕು, ಯಾರಿಗೆ ಎಷ್ಟು ನೀರು ಕೊಡಬಹುದೆಂದು ಕೇಳಿಕೊಂಡು ನಾವು ಕೊಡಬೇಕು.

ಅಭಿಪ್ರಾಯ ಪತ್ರ ಬೇಡವೆಂದು ನಾನು ಹೇಳುವುದಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ‘ಮೇರಾ ಅಸ್ಪತಾಲ್’ ಆರಂಭಿಸಿ, ಮೊಬೈಲ್ ಸಂದೇಶ ಮತ್ತು ಕರೆಯ ಮೂಲಕವೂ ರೋಗಿಗಳ ಅಭಿಪ್ರಾಯ ಕೇಳುವ ವ್ಯವಸ್ಥೆ ಮಾಡಿತು. ಒಳ್ಳೆಯ ಕೆಲಸ. ಆದರೆ ನಮ್ಮ ಅಜ್ಜಿ ಕೊಟ್ಟಿದ್ದ ನಂಬರ್ ಬೆಂಗಳೂರಿನಲ್ಲಿರುವ ಮಗನದು. ನೀರಿಗಾಗಿ ಒದ್ದಾಡಿದವರು ಅವನಲ್ಲ. ಇನ್ನು ನಮ್ಮ ಮಂಚದ ಮೇಲೆ ಮಲಗಿ, ನಮ್ಮ ಕೈಯಲ್ಲೇ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಕಾದವರು ನಮ್ಮೆದುರೇ ‘ಕಳಪೆ’ ಎಂದು ಹೇಗೆ ಹೇಳಿಯಾರು?

ಮೊನ್ನೆ ಅಪೆಂಡಿಕ್ಸ್ ಆಪರೇಷನ್ ಆದ ಯುವಕನೊಬ್ಬ ಬಂದಿದ್ದ. ನೀರಿನ ವಿಷಯ ಅವನು ಎತ್ತಲೇ ಇಲ್ಲ. “ನನಗೇನೂ ಕಷ್ಟವಾಗಲಿಲ್ಲ ಸಿಸ್ಟರ್. ಹೊರಗೆ ಕುಳಿತಿದ್ದ ಅಮ್ಮನಿಗೆ ಸಂಜೆಯವರೆಗೂ ಯಾರೂ ಏನೂ ಹೇಳಲಿಲ್ಲವಂತೆ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳಂತೆ” ಎಂದ. ಅದನ್ನೂ ಬರೆದುಕೊಂಡಿದ್ದೇನೆ. ಸೋಮವಾರದ ಸಭೆಗೆ ನೋಟ್‌ಬುಕ್ ತೆಗೆದುಕೊಂಡು ಹೋಗುತ್ತೇನೆ.