ಬೆಸುಗೆ ಇಲ್ಲದೆ ತಾಮ್ರಕ್ಕೆ ಜಿಐ: ಸೋಲಾರ್ ಪೆಟ್ಟಿಗೆಯ ಪೈಪ್ ಕೆಲಸ ಎಲ್ಲಿಗೆ ಬಂತು

ನೀರು ಕಾಯಿಸುವ ಸೋಲಾರ್ ಪೆಟ್ಟಿಗೆಯೊಳಗೆ ತಾಮ್ರದ ಸುರುಳಿ ಕೂರಿಸಿ ಆಯಿತು. ಉಳಿದಿದ್ದು ಅದರ ಎರಡು ತುದಿ. ಒಂದಕ್ಕೆ ತಣ್ಣೀರು ತರುವ ಮುಕ್ಕಾಲು ಇಂಚಿನ ಹಳೇ ಜಿಐ (ಸತು ಬಳಿದ ಕಬ್ಬಿಣ) ಪೈಪು, ಇನ್ನೊಂದಕ್ಕೆ ಬಿಸಿನೀರು ತುಂಬಿಕೊಳ್ಳುವ ಸ್ಟೇನ್‌ಲೆಸ್ ಸ್ಟೀಲ್ ಡ್ರಮ್. ಬೆಸುಗೆ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. ಪೆಟ್ಟಿಗೆ ಪ್ಲೈವುಡ್‌ನದು, ಅದರ ಪಕ್ಕದಲ್ಲಿ ಬೆಂಕಿ ಹಿಡಿಯುವ ಧೈರ್ಯ ನನಗಿಲ್ಲ. ಸಾಲದ್ದಕ್ಕೆ ಜಿಐ ಲೈನಿನ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಒಳಗೆ ಸ್ವಲ್ಪ ನೀರು ನಿಂತಿದ್ದರೂ ಕೊಟ್ಟ ಶಾಖವೆಲ್ಲ ಅದನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಬೆಸುಗೆ ಹಿಡಿಯುವುದಿಲ್ಲ.

ಹೆಚ್ಚು ತಲೆ ತಿಂದಿದ್ದು ಅಳತೆ. ತಾಮ್ರದ ಕೊಳವೆ 15 ಮಿ.ಮೀ. ಎಂದರೆ ಅದರ ಹೊರ ವ್ಯಾಸವೇ 15. ಜಿಐ ಪೈಪಿನಲ್ಲಿ 15 ಎನ್ನುವುದು ಬರೀ ಹೆಸರು. ಅದೇ ಅರ್ಧ ಇಂಚಿನ ಪೈಪು, ಹೊರಗಡೆ ಅಳೆದರೆ 21.3 ಮಿ.ಮೀ. ಮುಕ್ಕಾಲು ಇಂಚಿನದು 26.9. ಇನ್ನು ಅಮೆರಿಕದ ಅಳತೆಯ ಅರ್ಧ ಇಂಚಿನ ತಾಮ್ರವಾದರೆ ಹೊರ ವ್ಯಾಸ 15.9, ಅದಕ್ಕೆ 15ರ ಫೆರುಲ್ (ಕೊಳವೆಯನ್ನು ಕಚ್ಚಿ ಹಿಡಿಯುವ ಲೋಹದ ಉಂಗುರ) ತೂರುವುದೇ ಇಲ್ಲ. ಥ್ರೆಡ್‌ನ ಕಥೆಯೂ ಹೀಗೆಯೇ. ಅರ್ಧ ಇಂಚಿನಲ್ಲಿ ಬಿಎಸ್‌ಪಿ (ಬ್ರಿಟಿಷ್ ಅಳತೆ), ಎನ್‌ಪಿಟಿ (ಅಮೆರಿಕದ ಅಳತೆ) ಎರಡಕ್ಕೂ ಇಂಚಿಗೆ 14 ಸುತ್ತು, ಆದರೆ ಬಿಎಸ್‌ಪಿ ಹಲ್ಲಿನ ಕೋನ 55 ಡಿಗ್ರಿ, ಎನ್‌ಪಿಟಿಯದು 60. ಕೈಯಲ್ಲಿ ಒಂದೆರಡು ಸುತ್ತು ಸಲೀಸಾಗಿ ಹೋಗಿ ನಂಬಿಸುತ್ತವೆ, ಆಮೇಲೆ ಸೋರುತ್ತವೆ. ಪೈಪಿನ ಮೇಲೆ ಬರೆದದ್ದನ್ನು ಬಿಟ್ಟು ಕ್ಯಾಲಿಪರ್ ಹೇಳಿದ್ದನ್ನು ನಂಬುವುದೇ ಕ್ಷೇಮ.

ಕೊನೆಗೆ ಜೋಡಿಸಿದ ಕ್ರಮ ಹೀಗಿದೆ: ತಾಮ್ರದ ತುದಿಗೆ 15 ಮಿ.ಮೀ. ಹಿತ್ತಾಳೆ ಕಂಪ್ರೆಶನ್ ಫಿಟಿಂಗ್ (ನಟ್ಟು ಬಿಗಿದು ಫೆರುಲ್ಲನ್ನು ಒತ್ತುವ ಜೋಡಣೆ), ಅದರ ಇನ್ನೊಂದು ಬದಿಗೆ ಅರ್ಧ ಇಂಚಿನ ಥ್ರೆಡ್. ಅದು ಮುಕ್ಕಾಲಿನಿಂದ ಅರ್ಧಕ್ಕೆ ಇಳಿಸುವ ಹಿತ್ತಾಳೆ ಬುಶ್‌ಗೆ, ಬುಶ್ ಡೈಎಲೆಕ್ಟ್ರಿಕ್ ಯೂನಿಯನ್ನಿಗೆ (ಎರಡು ಲೋಹಗಳ ನಡುವೆ ಕರೆಂಟ್ ಹರಿಯದಂತೆ ತಡೆಯುವ ಜೋಡಣೆ), ಯೂನಿಯನ್ ಜಿಐಗೆ.

ಕೊಳವೆಯನ್ನು ಹ್ಯಾಕ್ಸಾ ಬದಲು ಪೈಪ್ ಕಟರ್‌ನಲ್ಲೇ ಕತ್ತರಿಸಿದೆ, ತುದಿ ನೇರ ಬರುತ್ತದೆ. ಅಂಚನ್ನು ಒಳಗೂ ಹೊರಗೂ ಕೆರೆದು ನಯ ಮಾಡಿ, ನಟ್ಟು, ಆಮೇಲೆ ಫೆರುಲ್ ತೂರಿಸಿ, ಕೊಳವೆ ಒಳಗೆ ತಡೆಯುವ ತನಕ ಒತ್ತಿ ಹಿಡಿದು ಕೈಯಲ್ಲಿ ಬಿಗಿ ಮಾಡಿದೆ. ಅಲ್ಲಿಂದ ಎರಡು ಸ್ಪ್ಯಾನರ್ ಹಿಡಿದು ಒಂದು ಸುತ್ತು, ಮೇಲೆ ಒಂಚೂರು. ಬಿಚ್ಚಿ ನೋಡಿದರೆ ಫೆರುಲ್ ಕೊಳವೆಯನ್ನು ಸುತ್ತಲೂ ಒಂದೇ ಸಮ ಕಚ್ಚಿ ಕೂತಿತ್ತು. ಬೆರಳಲ್ಲಿ ಎಳೆದರೂ ಜಗ್ಗಲಿಲ್ಲ. ಇಲ್ಲಿ ನೀರು ತಡೆಯುವುದು ಫೆರುಲ್ಲೇ ಹೊರತು ನಟ್ಟಿನ ಥ್ರೆಡ್ ಅಲ್ಲ, ಹಾಗಾಗಿ ನಟ್ಟಿಗೆ ಟೆಫ್ಲಾನ್ ಟೇಪು ಸುತ್ತುವುದು ದಂಡ. ಟೇಪು ಬೇಕಾದದ್ದು ಬುಶ್‌ನ ಕಡೆ, ಅದೂ ಥ್ರೆಡ್ ಬಿಗಿಯುವ ದಿಕ್ಕಿಗೇ.

ಯೂನಿಯನ್ ಯಾಕೆಂದರೆ, ತಾಮ್ರಕ್ಕೂ ಸತು ಬಳಿದ ಕಬ್ಬಿಣಕ್ಕೂ ನೇರ ಸಂಪರ್ಕವಾಗಿ ನೀರೂ ಸೇರಿದರೆ ಅದೇ ಒಂದು ಬ್ಯಾಟರಿ. ಮೊದಲು ಸತು, ಆಮೇಲೆ ಕಬ್ಬಿಣ ಸವೆಯುತ್ತದೆ. ನಡುವೆ ಹಿತ್ತಾಳೆ ಇದ್ದರೆ ವಾಸಿ, ಆದರೆ ಹಿತ್ತಾಳೆಯಲ್ಲೂ ಕರೆಂಟ್ ಹರಿಯುತ್ತದಲ್ಲ. ಯೂನಿಯನ್ನಿನೊಳಗಿನ ಪ್ಲಾಸ್ಟಿಕ್ ತೋಳು ಮತ್ತು ವಾಷರ್ ಆ ದಾರಿಯನ್ನೇ ಕಡಿಯುತ್ತವೆ. ನೀರು ಬಿಡುವ ಮೊದಲು ಎರಡೂ ಕಡೆಗೆ ಮಲ್ಟಿಮೀಟರ್ ಹಿಡಿದರೆ ಬೀಪ್ ಬಂತು, ಅಂದರೆ ಕರೆಂಟಿಗೆ ಎಲ್ಲೋ ದಾರಿ ಇದೆ! ಯೂನಿಯನ್ ಸರಿಯಾಗಿಯೇ ಇತ್ತು. ಕಳ್ಳದಾರಿ ಇದ್ದದ್ದು ಎರಡೂ ಪೈಪುಗಳನ್ನು ಹಿಡಿದಿದ್ದ ಕಬ್ಬಿಣದ ಸ್ಟ್ಯಾಂಡಿನಲ್ಲಿ. ಕ್ಲ್ಯಾಂಪಿನೊಳಗೆ ರಬ್ಬರ್ ಪಟ್ಟಿ ಇಟ್ಟ ಮೇಲೆ ಮೀಟರ್ ಸುಮ್ಮನಾಯಿತು. ಅಂದಹಾಗೆ, ಯಾರಾದರೂ ನೀರಿನ ಪೈಪಿಗೇ ಅರ್ಥಿಂಗ್ ಕಟ್ಟಿದ್ದರೆ ಯೂನಿಯನ್ ಅದನ್ನೂ ಕಡಿಯುತ್ತದೆ. ಅದನ್ನು ನೋಡಿಕೊಳ್ಳದೆ ಕೈ ಹಾಕಬಾರದು.

ನೀರು ಜಿಐನಿಂದ ತಾಮ್ರಕ್ಕೆ ಹರಿಯುವಂತೆಯೇ ಇಟ್ಟಿದ್ದೇನೆ. ತಿರುಗುಮುರುಗಾದರೆ ನೀರಲ್ಲಿ ಕರಗಿ ಬಂದ ತಾಮ್ರ ಮುಂದಿನ ಸತುವಿನ ಮೇಲೆ ಕೂತು ಅಲ್ಲಲ್ಲೇ ಗುಳಿ ಕೊರೆಯುತ್ತದೆ, ಯೂನಿಯನ್ ಇದ್ದರೂ ಇದನ್ನು ತಡೆಯಲಾರದು. ಇದೇ ಕಾರಣಕ್ಕೆ ಬಿಸಿನೀರಿನ ಕಡೆ ಜಿಐ ತುಂಡು ಒಂದೂ ಇಲ್ಲ. ಡ್ರಮ್ಮಿಗೆ ಹಿತ್ತಾಳೆ ಟ್ಯಾಂಕ್ ಕನೆಕ್ಟರ್, ಎರಡೂ ಬದಿ ರಬ್ಬರ್ ವಾಷರ್, ಅಷ್ಟೇ.

ತಣ್ಣೀರು ತುಂಬಿ ರಾತ್ರಿಯಿಡೀ ಬಿಟ್ಟೆ, ಸುತ್ತಿದ ಟಿಶ್ಯೂ ಪೇಪರ್ ಒಣಗಿಯೇ ಇತ್ತು. ಬಿಸಿಲಿನ ಪರೀಕ್ಷೆ ಇನ್ನೂ ಬಾಕಿ. ಕಾದು ಹಿಗ್ಗಿ, ತಣಿದು ಕುಗ್ಗಿದ ಮೇಲೆ ಫೆರುಲ್ ನಟ್ಟು ತುಸು ಸಡಿಲವಾಗಬಹುದು. ಅದಕ್ಕೇ ಹೊರಗಿನ ಕೊಳವೆಗೆ ಫೋಮ್ ಸುತ್ತಿದ್ದರೂ ಜಾಯಿಂಟ್‌ಗಳನ್ನು ಸದ್ಯಕ್ಕೆ ಬರಿದಾಗಿಯೇ ಬಿಟ್ಟಿದ್ದೇನೆ.