‘ಬಡವರ ಊಟಿ’ ಎಂಬ ಮಾತು

ಇಂದು ಬೆಳಿಗ್ಗೆ ಹಾಸನದ ಬಸ್ ನಿಲ್ದಾಣದಲ್ಲಿ ಬೇಲೂರಿನ ಬಸ್ಸಿಗಾಗಿ ಕಾಯುತ್ತಿದ್ದಾಗ, ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೊಮ್ಮಗಳಿಗೆ ‘ನಮ್ಮ ಹಾಸನ ಬಡವರ ಊಟಿ ಕಣಮ್ಮ’ ಎಂದದ್ದು ಕಿವಿಗೆ ಬಿತ್ತು. ಇಲ್ಲಿನ ತಂಪು ಹವೆಯ ಮೇಲಿನ ಪ್ರೀತಿಯಿಂದ ಹುಟ್ಟಿದ ಮಾತೇ ಆದರೂ, ಇನ್ನೊಂದು ಊರಿನ ಹೆಸರನ್ನು ಎರವಲು ಪಡೆದು ನಮ್ಮೂರನ್ನು ಪರಿಚಯಿಸುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಕೇರಳ ತನ್ನನ್ನು ‘ದೇವರ ಸ್ವಂತ ನಾಡು’ ಎಂದು ಕರೆದುಕೊಂಡಿತು. ನೆರೆಯ ಚಿಕ್ಕಮಗಳೂರಿಗೆ ‘ಕಾಫಿ ನಾಡು’ ಎಂಬ ಎರಡೇ ಪದ ಸಾಕಾಯಿತು, ಏಕೆಂದರೆ ಆ ಹೆಸರು ಅಲ್ಲಿನ ತೋಟಗಳ ಮಣ್ಣಿನಿಂದಲೇ ಎದ್ದು ಬಂದದ್ದು.

ನಮಗೇನು ಕಡಿಮೆ? ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವನ ಗುಡಿಯ ಮದನಿಕೆಯರ ಪೀಠದಲ್ಲಿ, ಬಳ್ಳಿಗಾವೆಯ ದಾಸೋಜ, ಚಾವಣರಂಥ ಶಿಲ್ಪಿಗಳು ತಮ್ಮ ಹೆಸರನ್ನು ಕನ್ನಡದಲ್ಲೇ ಕೊರೆದಿದ್ದಾರೆ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲೊಂದಾದ ಹಲ್ಮಿಡಿ ಶಾಸನ ಸಿಕ್ಕಿದ್ದೂ ಇದೇ ಬೇಲೂರು ತಾಲ್ಲೂಕಿನಲ್ಲಿ. 2023ರಲ್ಲಿ ಹೊಯ್ಸಳ ದೇಗುಲಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೂ ನಮ್ಮ ಬಾಯಲ್ಲಿ ಊಟಿಯೇ ಉಳಿದಿರುವುದು ನೋವಿನ ಸಂಗತಿ.

ಬಸ್ಸು ಬಂದಾಗ ಆ ಮಗುವಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು, ‘ಗುಡಿಯಲ್ಲಿ ತಲೆಯೆತ್ತಿ ಮದನಿಕೆಯ ಕಾಲಡಿಯ ಅಕ್ಷರಗಳನ್ನು ನೋಡು ಪುಟ್ಟಿ’ ಎಂದು ಹೇಳಿದೆ.